ನಡುವೆ ನಿಂತ ಗಂಟೆ

ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಮಿಸ್ಸೂರಿಯ ನಾಯ್‌ಫೆಲ್ಡ್ ಊರಿನ ಪಾದ್ರಿ ಸ್ಟೂಕಿಯವರು ಬೆಳಿಗ್ಗೆಯೇ ಷೆರಿಫ್ ಠಾಣೆಗೆ ಬಂದು ದೂರು ಕೊಟ್ಟರು. ಚರ್ಚಿನ ಹಳೆಯ ಮರಣ ಪುಸ್ತಕದಿಂದ ಯಾರೋ ಒಂದು ಹಾಳೆಯನ್ನು ಕೊಯ್ದು ಒಯ್ದಿದ್ದಾರೆ. ಹಿಂದಿನ ದಿನ ಆ ಪುಸ್ತಕ ನೋಡುತ್ತಿದ್ದವಳು ಕೊರಿನ್ ಟೋನ್ಸ್ ಎಂಬ ಹೆಂಗಸು ಒಬ್ಬಳೇ. ತನ್ನ ಮನೆತನದ ಮೂಲ ಹುಡುಕಿಕೊಂಡು ಓರೆಗಾನ್‌ನಿಂದ ಬಂದವಳು.

ತನಿಖಾಧಿಕಾರಿ ಎಲ್ಡನ್ ಬ್ರೂನ್ಸ್ ದೂರು ದಾಖಲಿಸಿಕೊಂಡು, ಸಹಾಯಕಿ ಟ್ವೈಲಾಳೊಂದಿಗೆ ಹೊರಟ. ಅವನಿಗೆ ದೀಕ್ಷಾಸ್ನಾನವಾದದ್ದು ಅದೇ ಚರ್ಚಿನಲ್ಲಿ. ಊರಿನವರು ದೇವರಿಗೆ ಹೆದರುವವರೆಂದು ಅವನು ಬಲ್ಲ. ಹೊರಗಿನವರ ಮೇಲೆ ಬೆರಳು ತೋರಿಸಲು ತಡಮಾಡುವವರಲ್ಲ ಎಂಬುದನ್ನೂ ಬಲ್ಲ.

ಪುಸ್ತಕದ ಕೋಣೆ ಗಂಟೆಗೋಪುರದ ಬುಡದಲ್ಲಿತ್ತು. ಗಂಟೆಯ ಹಗ್ಗ ಇಳಿಯುವ ಜಾಗಕ್ಕೂ ಕೋಣೆಗೂ ನಡುವೆ ಒಂದು ಬಾಗಿಲು. ಪಾದ್ರಿಗಳ ಎದುರಿಗೇ ಮಹಜರು ನಡೆಯಿತು. ಹಾಳೆಯನ್ನು ಹರಿದಿರಲಿಲ್ಲ, ಹರಿತವಾದ ಅಲಗಿನಿಂದ, ಒಂದೇ ಎಳೆತಕ್ಕೆ, ಬುಡದಲ್ಲಿ ಕೊಯ್ದಿದ್ದರು.

"ಅವಳ ಚೀಲದಲ್ಲಿ ಪೆನ್ಸಿಲ್ ಚೂಪು ಮಾಡೋ ಚಾಕು ಸಿಕ್ತು," ಎಂದಳು ಟ್ವೈಲಾ. "ಇನ್ನೇನು ಬೇಕು? ಸಂಜೆಯೊಳಗೆ ಒಳಗೆ ಹಾಕೋಣ."

ಚರ್ಚಿನ ಬೆಂಚಿನ ಮೇಲೆ ಕೂತ ಕೊರಿನ್‌ಳ ಮುಖ ಬಿಳಿಚಿತ್ತು.

"ಹಾಳೆಯ ಫೋಟೊ ತೆಗೆದ್ರಾ?" ಎಂದು ಎಲ್ಡನ್ ಅವಳನ್ನು ಕೇಳಿದ.

"ಫೋನನ್ನ ಪಾದ್ರಿಗಳು ಬಾಗಿಲಲ್ಲೇ ಇಸ್ಕೊಂಡ್ರು. ಒಳಗೆ ಪೆನ್ಸಿಲ್ ಮಾತ್ರ ಅಂದ್ರು."

"ಹಾಳೇಲಿ ಏನಿತ್ತು?"

"ಟೋನ್ಸ್ ಅನ್ನೋ ನಮ್ಮ ಹೆಸರು, ಅದೊಂದು ಗುರುತು ಸಿಕ್ತು. ಮುಂದೆ ಹುಟ್ಟಿದೂರು ಬರೆದಿರ್ತಾರೆ. ಆ ಹಳೇ ಜರ್ಮನ್ ಅಕ್ಷರ ನನಗೆ ಓದಕ್ಕೆ ಬರಲ್ಲ. ನಮ್ಮೋರು ಹಡಗು ಹತ್ತಿದ್ದು ಗೊತ್ತು, ಇಳಿದಿದ್ದೂ ಗೊತ್ತು. ಯಾವ ಊರು ಬಿಟ್ಟು ಬಂದ್ರು ಅನ್ನೋದು ಆ ಒಂದು ಹಾಳೇಲಿ ಮಾತ್ರ ಇತ್ತು. ಅದನ್ನ ನಾನೇ ಯಾಕೆ ಕೊಯ್ಯಲಿ ಸಾರ್?"

"ಬೇರೆ ಯಾರಾದ್ರೂ ನೋಡಿದ್ರಾ?"

"ಗಂಟೆ ಹೊಡೆಯೋ ವಿಲ್ಬರ್ ಓದಿಕೊಡ್ತೀನಿ ಅಂತ ಬಂದ್ರು. ಅರ್ಧ ಸಾಲು ನೋಡಿ, ಕನ್ನಡಕ ತಂದಿಲ್ಲ ಅಂತ ಎದ್ದುಬಿಟ್ರು. ಆಮೇಲೆ ಸಾವಿನ ಗಂಟೆ ಶುರುವಾಯ್ತು. ಅಡುಗೆಮನೆ ಹುಲ್ಡಾ ಅವರು ಗಂಟೆ ಕೇಳೋಕೆ ಹೊರಗೆ ಕರೆದ್ರು, ಹೋದೆ."

ವಿಲ್ಬರ್ ಬ್ರೋಕ್ಮೈಯರ್ ಪ್ರತಿ ಭಾನುವಾರ ಕನ್ನಡಕವಿಲ್ಲದೆ ಕೀರ್ತನೆ ಪುಸ್ತಕ ಓದುವುದನ್ನು ಎಲ್ಡನ್ ಹಿಂದಿನ ಬೆಂಚಿನಿಂದ ನೋಡುತ್ತ ಬಂದಿದ್ದ. ವಿಲ್ಬರ್ ಮದುವೆಯಾಗಿ ಮಾವನ ತೋಟಕ್ಕೆ ಬಂದು ನೆಲೆಸಿ ನಲವತ್ತು ವರ್ಷವಾಗಿತ್ತು. ಊರಿಗೆ ಇಂದಿಗೂ ಅದು ಡೀರ್ಕಿಂಗ್ ತೋಟ, ಅವನು ಡೀರ್ಕಿಂಗ್ ಮನೆ ಅಳಿಯ. ಅವನದೆಂದು ಉಳಿದದ್ದು ಒಂದೇ. ಚರ್ಚು ಕಟ್ಟಿದ, ಅವನ ವಂಶದ ಹಿರಿಯ ಹೈನ್ರಿಕ್ ಬ್ರೋಕ್ಮೈಯರನ ಹೆಸರು ಕಿಟಕಿಯ ಬಣ್ಣದ ಗಾಜಿನಲ್ಲಿತ್ತು. ವಿಲ್ಬರ್ ಕೂರುತ್ತಿದ್ದುದು ಅದರ ಕೆಳಗೇ.

ಆದರೆ ಗಂಟೆ ಹೊಡೆಯುತ್ತಿದ್ದವನು ಹಾಳೆ ಕೊಯ್ಯುವುದು ಹೇಗೆ? ಅವನ ಕೈ ಎಲ್ಲಿತ್ತೆಂಬುದಕ್ಕೆ ಊರೇ ಸಾಕ್ಷಿ.

ಎಲ್ಡನ್ ನೆಲಮಾಳಿಗೆಯ ಅಡುಗೆಮನೆಗೆ ಇಳಿದ. ಹುಲ್ಡಾ ಅತ್ತೆ, ಹಿಂದಿನ ದಿನ ತೀರಿಕೊಂಡ ಗೆಳತಿ ಲಿಡಿಯಾಳ ಮಣ್ಣಿನೂಟಕ್ಕೆಂದು ಸೇಬು ಹೆಚ್ಚುತ್ತಿದ್ದಳು.

"ನಿನ್ನೆ ಗಂಟೆ ಎಣಿಸಿದ್ಯಾ ಅತ್ತೆ?"

"ಎಣಿಸದೆ? ವರ್ಷಕ್ಕೊಂದು ಏಟು. ಲಿಡಿಯಾ ಬದುಕಿರೋ ತನಕ ವಯಸ್ಸು ಮುಚ್ಚಿಟ್ಟಳು. ಸತ್ತ ಮೇಲಾದ್ರೂ ನಿಜ ಗೊತ್ತಾಗ್ಲಿ ಅಂತ ಬೆರಳು ಮಡಚಿ ಮಡಚಿ ಎಣಿಸ್ದೆ. ಎಂಬತ್ತೇಳು! ನನಗೆ ಎಪ್ಪತ್ತೊಂಬತ್ತು ಅಂದಿದ್ಲು, ಕಳ್ಳಿ."

"ತಡೆಯಿಲ್ಲದೆ ಹೊಡೀತಾ?"

ಅತ್ತೆಯ ಚಾಕು ನಿಂತಿತು. "ನಡುವೆ ಒಂದ್ಸಲ ಉಸಿರು ಕಟ್ಟಿದ ಹಾಗೆ ನಿಂತ್ಬಿಡ್ತು. ಒಂದು ಪ್ರಾರ್ಥನೆ ಹೇಳಿ ಮುಗಿಸೋಷ್ಟು ಹೊತ್ತು. ಇವಳು ಅರವತ್ತಕ್ಕೇ ಹೋದ್ಲಾ ಅಂತ ನಾವೆಲ್ಲ ನಕ್ವಿ. ಆಮೇಲೆ ಮತ್ತೆ ಶುರುವಾಯ್ತು."

"ಹಿಂದೆ ಯಾವಾಗಾದ್ರೂ ಹಾಗಾಗಿತ್ತಾ?"

"ಇಲ್ಲಪ್ಪ. ಡೀರ್ಕಿಂಗ್ ಅಳಿಯ ಬೇರೆ ಏನು ಕಡಿದು ಗುಡ್ಡೆ ಹಾಕ್ದೆ ಇದ್ರೂ, ಹಗ್ಗ ಬಿಟ್ಟವನಲ್ಲ."

ಮಧ್ಯಾಹ್ನ ಮೂರಕ್ಕೆ ವಿಲ್ಬರ್ ತನ್ನ ಕೊಟ್ಟಿಗೆಯಲ್ಲಿ ಹಂದಿಗಳಿಗೆ ಮೇವು ಸುರಿಯುತ್ತಿದ್ದ. ಬಂದವರನ್ನು ಕಂಡರೂ ಬಕೆಟ್ಟು ಕೆಳಗಿಡಲಿಲ್ಲ.

"ಗಂಟೆ ಯಾಕೆ ನಿಲ್ಸಿದೆ?" ಎಂದ ಎಲ್ಡನ್.

"ನಿಲ್ಸಿಲ್ಲ."

"ಹುಲ್ಡಾ ಅತ್ತೆ ಎಣಿಸಿದ್ದಾಳೆ."

"ಆ ಮುದುಕಿಗೆ ಬೇರೆ ಕೆಲಸವಿಲ್ಲ."

"ಆ ಹೆಂಗಸನ್ನ ಇವತ್ತು ಒಳಗೆ ಹಾಕ್ತೀವಿ, ವಿಲ್ಬರ್."

ವಿಲ್ಬರ್ ಮೇವು ಸುರಿಯುತ್ತಲೇ ಇದ್ದ. ಎಲ್ಡನ್ ದನಿ ತಗ್ಗಿಸಿದ. "ಒಂದು ಮಾತು ಹೇಳು. ಹಾಳೆ ಕೈಗೆ ಬಂದಿತ್ತಲ್ಲ. ಮತ್ತೆ ಬಂದು ಹಗ್ಗ ಹಿಡಿದು ಲೆಕ್ಕ ಯಾಕೆ ತುಂಬಿಸಿದೆ?"

"ಅವು ಲಿಡಿಯಾ ಬದುಕಿದ ವರ್ಷಗಳು ಕಣೋ," ಎಂದ ವಿಲ್ಬರ್. "ಅದನ್ನ ಕದಿಯಕ್ಕಾಗುತ್ತಾ?"

ಬಕೆಟ್ಟು ಕೆಳಗಿಟ್ಟು ಅವನು ಮನೆಯೊಳಗೆ ಹೋದ. ಟ್ವೈಲಾ ಬೆನ್ನಿಗೇ ಹೋದಳು. ಹಾಳೆ ಕೀರ್ತನೆ ಪುಸ್ತಕದ ನಡುವೆ ಸುಕ್ಕಿಲ್ಲದೆ ಮಲಗಿತ್ತು. ಸುಡಲು ಒಲೆಯ ಮುಂದೆ ಎರಡು ಸಲ ಕೂತೆ, ದೇವರ ಮನೆಯ ಬರಹ, ಕೈ ಬರಲಿಲ್ಲ ಎಂದ. ಜೇಬಿನ ಚಾಕುವನ್ನೂ ತಾನೇ ತೆಗೆದುಕೊಟ್ಟ. ಎರಡನ್ನೂ ಜಪ್ತಿ ಮಾಡಲಾಯಿತು.

ಠಾಣೆಯಲ್ಲಿ ಪಾದ್ರಿಗಳು ಹಾಳೆಯನ್ನು ಗಟ್ಟಿಯಾಗಿ ಓದಿದರು. ಕೊರಿನ್ ಪಕ್ಕದಲ್ಲೇ ನಿಂತಿದ್ದಳು.

"ಹೈನ್ರಿಕ್ ಟೋನ್ಸ್, ಬ್ರೋಕ್ಮೈಯರ್ ಎಂದು ಕರೆಯಲ್ಪಡುವವನು. ಲಿಪ್ಪೆ ಸೀಮೆಯ ಹೋಲ್ಟ್‌ರುಪ್ ಗ್ರಾಮದಲ್ಲಿ ಹುಟ್ಟಿದವನು."

"ಹೋಲ್ಟ್‌ರುಪ್," ಎಂದಳು ಕೊರಿನ್, ಮೆಲ್ಲಗೆ, ರುಚಿ ನೋಡುವವಳಂತೆ.

"ಕೇಳಿದ್ರಲ್ಲ," ಎಂದ ವಿಲ್ಬರ್ ತಲೆಯೆತ್ತದೆ. "ಸುಳ್ಳು ಹೆಸರು. ಅಲ್ಲಿ ಕಳ್ಳನಾಗಿದ್ದನೋ, ಕೊಲೆ ಮಾಡಿ ಓಡಿಬಂದನೋ. ನನಗೆ ಅಂತ ಇದ್ದದ್ದು ಆ ಕಿಟಕಿ ಒಂದೇ. ಅದೂ ಸುಳ್ಳು."

ಪಾದ್ರಿಗಳು ಅವನನ್ನೇ ನೋಡಿದರು. "ಕೊಯ್ಯೋ ಮೊದಲು ನನ್ನನ್ನೊಂದು ಮಾತು ಕೇಳಬಾರದಿತ್ತೇನಯ್ಯಾ? ಜರ್ಮನಿಯ ಆ ಲಿಪ್ಪೆಯಲ್ಲಿ ತೋಟದ ಹೆಣ್ಣನ್ನ ಮದುವೆಯಾಗಿ ಅಲ್ಲೇ ನೆಲೆಸಿದವನು ತೋಟದ ಹೆಸರನ್ನೇ ಇಟ್ಕೋಬೇಕು. ಅಲ್ಲಿನ ಪದ್ಧತಿ. ಬ್ರೋಕ್ಮೈಯರ್ ಅನ್ನೋದು ಅವನ ಹೆಂಡತಿ ಮನೆ ಹೆಸರು."

"ಅಂದ್ರೆ ಹೈನ್ರಿಕ್..."

"ಮನೆ ಅಳಿಯ."

ವಿಲ್ಬರ್ ತನ್ನ ಅಂಗೈ ನೋಡಿಕೊಂಡ. ಹಗ್ಗ ತಿಕ್ಕಿ ತಿಕ್ಕಿ ಅಲ್ಲಿ ಚರ್ಮ ದಡ್ಡುಗಟ್ಟಿತ್ತು. ಆಮೇಲೆ ಕೊರಿನ್ ಕಡೆ ತಿರುಗಿದ. "ಹಂಗಾದ್ರೆ ನೀವು ನಮ್ಮೋರೇ. ತಪ್ಪಾಯ್ತು ತಾಯಿ."

ಅವಳು ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು.

ನಾಲ್ಕೂ ಇಪ್ಪತ್ತಕ್ಕೆ ಎಲ್ಡನ್ ಬಂಧನದ ಕಾಗದ ಬರೆಯಲು ಕೂತ. ಗೊತ್ತಿದ್ದರೂ ಕೇಳಬೇಕು, ಅದು ನಿಯಮ.

"ಹೆಸರು?"

"ವಿಲ್ಬರ್ ಬ್ರೋಕ್ಮೈಯರ್." ಎಲ್ಡನ್ ಬರೆಯುತ್ತಿದ್ದಂತೆ ಸೇರಿಸಿದ, "ಡೀರ್ಕಿಂಗ್ ಅಂತ ಕರೀತಾರೆ. ಅದನ್ನೂ ಬರ್ಕೋ."

ಎಲ್ಡನ್ ಅದನ್ನೂ ಬರೆದುಕೊಂಡ.