ಮೂರು ಸಲ ಬಿದ್ದ ತಾನಾಜಿ

ಶುಭಾಂಗಿ ಮಗಳಿಗೆ ಒಂದು ಜಡೆ ಹಾಕಿ, ಇನ್ನೊಂದಕ್ಕೆ ಕೂದಲು ಬಿಡಿಸಿಕೊಳ್ಳುವಷ್ಟರಲ್ಲಿ ಬೇಲಿಯ ಹತ್ತಿರ ಬೈಕು ಬಂದು ನಿಂತಿತು. ಯಾರದೆಂದು ತಲೆ ಎತ್ತದೆಯೇ ಗೊತ್ತಾಯಿತು. ಆ ಸದ್ದಿಗೆ ಎಷ್ಟೋ ಬೆಳಿಗ್ಗೆ ಕಿವಿ ಕೊಟ್ಟು ಕೂತವಳು ಅವಳು. ಕೈ ಒಂದು ಗಳಿಗೆ ನಿಂತಿತು. ಆಮೇಲೆ ಕೂದಲನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆಯಿತು.

"ಅವ್ವಾ, ಸಾವಕಾಶ!" ಕಾಜಲ ಕೂಗಿದಳು.

ಕುರಿದೊಡ್ಡಿ ಗುಡಿಸುತ್ತಿದ್ದ ಅತ್ತೆ ನಾಗೂಬಾಯಿ ಕಸಬರಿಗೆ ನೆಲಕ್ಕೂರಿ ನಿಂತಳು. "ಏನೋ ಅತುಲ, ಕೋರ್ಟು ಮುಗೀತಲ್ಲ. ಇನ್ನೇನ್ ಶೂಟಿಂಗ್ ಉಳದೈತಿ ನಮ್ಮನ್ಯಾಗ?"

"ಶೂಟಿಂಗ್ ಇಲ್ರಿ ಆಯಿ. ಕ್ಯಾಮೆರಾ ತಂದಿಲ್ಲ."

"ಖಾಲಿ ಕೈಲೆ ನಿಲ್ಲಾಕರೆ ಬರತೈತೇನು ನಿನಗ?"

ಅತುಲ ಚಪ್ಪಲಿ ಬಿಟ್ಟ, ಆದರೆ ಮೆಟ್ಟಿಲು ಹತ್ತಲಿಲ್ಲ.

ಎರಡು ವರ್ಷದ ಹಿಂದೆ ಗಡಹಿಂಗ್ಲಜ ರಸ್ತೆಯಲ್ಲಿ ಕಬ್ಬಿನ ದರದ ಆಂದೋಲನ ಜೋರಾಗಿತ್ತು. ಶುಭಾಂಗಿಯ ಗಂಡ ತಾನಾಜಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಆಂದೋಲನದವರು ಅಡ್ಡಗಟ್ಟಿದರು, ಮಾತಿಗೆ ಮಾತು ಬೆಳೆಯಿತು, ಮುಂದಾಳು ಜೋತಿಬಾ ಅಣ್ಣಾ ಅವನ ಎದೆಗೆ ಕೈ ಹಚ್ಚಿ ತಳ್ಳಿದ. ತಾನಾಜಿಯ ತಲೆ ಟ್ರೇಲರಿನ ಕೊಂಡಿಗೆ ಬಡಿಯಿತು. ಕೊಲ್ಲಾಪುರದ ದವಾಖಾನೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಕಾಲು ಜಾರಿ ಬಿದ್ದ ಅಂತ ಆಂದೋಲನದವರು ಹೇಳಿದರು, ಅಲ್ಲವೆನ್ನಲು ಯಾರೂ ಬಾಯಿ ಬಿಡಲಿಲ್ಲ.

ತಳ್ಳಿದ್ದು ಸಿಕ್ಕಿದ್ದು ಅತುಲನ ಕ್ಯಾಮೆರಾಕ್ಕೆ ಮಾತ್ರ. ಇಚಲಕರಂಜಿಯಲ್ಲಿ ಮದುವೆ ಶೂಟಿಂಗ್ ಅವನ ಕಸುಬು. ನಡುನಡುವೆ ಒಂದು ಲೋಕಲ್ ಚಾನೆಲ್ಲಿಗೆ ಸುದ್ದಿ ಕಳಿಸುತ್ತಿದ್ದ. ಚಾನೆಲ್ಲಿನವರು ದೃಶ್ಯ ತೋರಿಸಿ ಜೋತಿಬಾನನ್ನು ಕೊಲೆಗಾರ ಅಂದರು. ಜೋತಿಬಾ ಮಾನಹಾನಿ ದಾವೆ ಹಾಕಿದ. ದೃಶ್ಯ ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ಕಾಜಲಳೂ ನೋಡಿದಳು. ನೋಡಿದ ಮೇಲೆ ಒಂದು ಮಾತೂ ಆಡಲಿಲ್ಲ.

ಬಿದ್ದವನು ನನ್ನ ಗಂಡನೇ ಎಂದು ಗುರುತಿಸಲು ಶುಭಾಂಗಿ ಕೋರ್ಟಿಗೆ ಹೋಗಬೇಕಾಯಿತು. ಮೊದಲು ತಾರೀಖಿಗೆ ಅಂತ ಹೋದಳು. ಆಮೇಲಾಮೇಲೆ ತಾರೀಖು ಯಾವಾಗ ಬರುತ್ತದೋ ಅಂತ ಕಾಯತೊಡಗಿದಳು.

"ಜಡ್ಜ್‌ಸಾಹೇಬರ ಕಡೆ ನೋಡಾಕ ಹೆದರಿಕಿ ಆದ್ರ ನನ್ನ ಕಡೆ ನೋಡಿ ಹೇಳ್ರಿ," ಅಂದಿದ್ದ ಅತುಲ, ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ.

"ನಿಮ್ಮ ಕಡೆ ನೋಡಿದ್ರ ಇದ್ದ ಮಾತೂ ಹೋಗ್ತಾವು."

ಬಾಯಿ ತಪ್ಪಿ ಬಂದಿತ್ತು. ಅಂದವಳು ನಾಚಿ, ಆಗಲೇ ತಣ್ಣಗಾಗಿದ್ದ ಚಹಾವನ್ನು ಊದಿದಳು. ಅವನು ನಗಲಿಲ್ಲ. ಕೆಳತುಟಿ ಕಚ್ಚಿ ನಗೆ ತಡೆದುಕೊಂಡ. ಆ ತಡೆದ ನಗೆಯನ್ನೇ ಅವಳು ಬಸ್ಸಿನ ಕಿಟಕಿ ಗಾಜಿನಲ್ಲಿ ಊರು ಬರುವತನಕ ನೋಡಿದ್ದಳು.

ಮೊನ್ನೆ ತೀರ್ಪು ಬಂತು. ಜೋತಿಬಾನ ವಕೀಲ ದೃಶ್ಯವನ್ನು ಎಲ್ಲರ ಮುಂದೆ ಹಾಕಿಸಿದ್ದ. ಒಂದೇ ತಳ್ಳಾಟ ಮೂರು ಸಲ ಬರುತ್ತಿತ್ತು. ಒಮ್ಮೆ ದೂರದಿಂದ, ಒಮ್ಮೆ ಹತ್ತಿರದಿಂದ, ಒಮ್ಮೆ ಕೈಯೊಂದೇ ಕಾಣುವ ಹಾಗೆ, ಮದುವೆಯಲ್ಲಿ ಹಾರ ಕೊರಳಿಗೆ ಇಳಿಯುವಷ್ಟು ನಿಧಾನವಾಗಿ. ಇದನ್ನು ತಿದ್ದಲಾಗಿದೆ, ಮೂಲ ದೃಶ್ಯ ಎಲ್ಲಿ, ಅಂತ ಕೋರ್ಟು ಕೇಳಿತು. ಮೂಲ ಇರಲಿಲ್ಲ. ಚಾನೆಲ್ಲು ಜೋತಿಬಾನ ಕ್ಷಮೆ ಕೇಳಬೇಕೆಂದು ಆದೇಶವಾಯಿತು.

"ಹೇಳ್ರಿ ಏನ್ ಹೇಳಾಕ ಬಂದೀರಿ," ಅಂದಳು ಶುಭಾಂಗಿ. "ಹುಡುಗಿ ಸಾಲಿಗಿ ಹೊತ್ತಾತು."

"ಶುಭಾಂಗಿ..."

"ಬಾಯಿ ಅಂತ ಹಚ್ರಿ ಹೆಸರಿಗಿ. ಶುಭಾಂಗಿಬಾಯಿ."

"ಚಾನೆಲ್‌ನವ್ರು ನನ್ನ ತಗದ್ರು."

"ಚಲೋ ಆತು. ಇನ್ನ ಬರೇ ಮದುವಿ. ಹಾರ ಬೀಳೂದು, ಅಕ್ಕಿಕಾಳು ಬೀಳೂದು, ಹುಡುಗಿ ಕಣ್ಣೀರು ಬೀಳೂದು, ಎಲ್ಲಾ ಸ್ಲೋ ಮೋಷನ್. ನನ್ನ ಗಂಡನ್ನೂ ಹಂಗ ಬೀಳಿಸಿದ್ರಿ. ಒಮ್ಮೆ ಸತ್ತಾವನ್ನ ಮೂರು ಸಲ ಕೆಡವಿದ್ರಿ."

"ತಳ್ಳಿದ್ದು ಭಾಳ ಲಗೂನ ಆಗಿತ್ರಿ. ಮಂದಿ ಕಣ್ಣಿಗಿ ಸಿಗಲಿ ಅಂತ ಮಾಡಿದ್ನಿ. ನನಗ ಬರೂ ಕೆಲಸ ಅದೊಂದ."

"ಮತ್ತ ಕ್ಯಾಮೆರಾದ ಕಾರ್ಡಿನ್ಯಾಗಿನ ಮೂಲ ಯಾಕ ಅಳಿಸಿದ್ರಿ?"

"ಮರುದಿನ ಜಯಸಿಂಗಪುರದಾಗ ಮದುವಿ ಇತ್ತು. ಕಾರ್ಡ್ ಖಾಲಿ ಬೇಕಾಗಿತ್ತು."

"ಯಾರ ಮದುವಿ?"

ಅತುಲ ನೆಲ ನೋಡಿದ. "ನೆನಪಿಲ್ರಿ."

ಶುಭಾಂಗಿ ನಕ್ಕಳು. ಆ ನಗುವಿಗೆ ಬೇಲಿಯ ಆಚೆ ಕಟ್ಟಿದ ನಾಯಿಯೂ ಕಿವಿ ಎತ್ತಿತು.

"ನಿನ್ನೆ ಜೋತಿಬಾನ ಮಂದಿ ನಮ್ಮ ಮನಿ ಮುಂದ ಹಲಗಿ ಬಡಕೋತ ಹೋದ್ರು," ಅಂದಳು ನಾಗೂಬಾಯಿ. "ನನ್ನ ಮಗ ಕಾಲು ಜಾರಿ ಸತ್ತಾನಂತ ಈಗ ಕೋರ್ಟಿನ ಹೆಸರು ಹೇಳಿ ಹೇಳ್ತಾರ. ಹಾಕು ನಿನ್ನ ಆಲ್ಬಮ್ಮಿನ್ಯಾಗ ಅದನ್ನೂ."

ಅತುಲ ಎಲ್ಲವನ್ನೂ ನಿಂತೇ ಕೇಳಿದ. ಆಮೇಲೆ ನಿಧಾನಕ್ಕೆ ಅಂದ, "ಮಾಫಿ ಕೇಳಾಕ ಬಂದಿಲ್ರಿ ನಾ. ಅದು ಸಾಲೂದಿಲ್ಲ. ಕೇಸು ಗೆದ್ದ ದಿನ ಒಂದು ಮಾತು ಕೇಳಬೇಕಂತ ಇದ್ನಿ. ಸೋತು ಕೇಳಾಕತ್ತೇನಿ. ನನ್ನ ಲಗ್ನ ಆಗ್ತೀರೇನು? ಕಾಜಲ ನನ್ನ ಮಗಳಾಗಿ ಬರಲಿ."

ಜಡೆ ಅರ್ಧಕ್ಕೆ ನಿಂತಿತು.

ಶುಭಾಂಗಿ ಆಗ ತಲೆ ಎತ್ತಿ ಅವನನ್ನು ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ಮಾಡದ ಗಡ್ಡ. ನಿದ್ದೆ ಇಲ್ಲದ ಕಣ್ಣು, ಆದರೂ ಅವಳ ಮುಖದಿಂದ ಸರಿಯುತ್ತಿರಲಿಲ್ಲ. ತೀರ್ಪು ಬಂದಾಗಿನಿಂದ ಅವಳು ಬೈಗುಳ ಕೂಡಿಸಿಟ್ಟಿದ್ದಳು. ಒಂದೊಂದಾಗಿ ಎಲ್ಲ ಆಡಿ ಮುಗಿಸಿದರೆ, ಅವುಗಳ ಅಡಿಯಲ್ಲಿ ಅವನೇ ಇದ್ದ.

"ನನಗ ನಿಮ್ಮ ಮ್ಯಾಲ ಸಿಟ್ಟೈತಿ," ಅಂದಳು.

"ಇರಲಿ."

"ಹೋಗೂ ಅಂಥಾದ್ದಲ್ಲ."

"ಇರಲ್ರಿ. ನನ್ನ ಮನ್ಯಾಗ ಅದಕ್ಕೂ ಜಾಗಾ ಐತಿ."

"ಒಂದು ಖೋಲಿ ಮನಿ. ಅದರಾಗ ಅರ್ಧ ಲೈಟಿನ ಸ್ಟ್ಯಾಂಡು."

"ನಿಮಗ್ಯಾರು ಹೇಳಿದ್ರು?"

"ನೀವ, ತಾರೀಖು ಮುಗಿಸಿ ಬರೂಮುಂದ ಬಸ್ಸಿನ್ಯಾಗ." ಅಂದು ತುಟಿ ಬಿಗಿ ಹಿಡಿದಳು. ಬೇಕಾಗಿಲ್ಲದ ನಗು ಎಲ್ಲಿಂದಲೋ ಬಂದು ಕೆನ್ನೆಯ ಹತ್ತಿರ ನಿಂತಿತ್ತು. ಅದನ್ನು ಅವನು ಕಂಡ. ಕಂಡನೆಂದು ಅವಳಿಗೂ ತಿಳಿಯಿತು.

ಶುಭಾಂಗಿ ಅತ್ತೆಯ ಕಡೆ ತಿರುಗಿದಳು. ನಾಗೂಬಾಯಿ ಕಸಬರಿಗೆಯನ್ನು ಗೋಡೆಗೆ ಒಗೆದಳು. "ನನ್ನ ಕಡೆ ಏನ್ ನೋಡ್ತಿ? ಹೂಂ ಅನ್ನೂದಿದ್ರ ಅನ್ನು, ಇಲ್ಲಾ ಅವನ್ನ ಕಳಸು. ನನ್ನ ಬಾಯಿಲೆ ಮಾತ್ರ ಹೂಂ ಬರೂದಿಲ್ಲ." ದೊಡ್ಡಿಯ ಬಾಗಿಲು ತೆಗೆದು ಕುರಿಗಳ ಕಡೆ ತಿರುಗಿಬಿಟ್ಟಳು.

ಕೋರ್ಟಿನಲ್ಲಿ ಎರಡೂ ಕಡೆಯ ವಕೀಲರು ಅತುಲನಿಗೆ ಬೇಕಾದಷ್ಟು ಕೇಳಿದ್ದರು. ಜೋತಿಬಾ ಎಷ್ಟು ಸಲ ತಳ್ಳಿದ, ಯಾವ ಕೈಯಿಂದ, ಕಾರ್ಡು ಎಲ್ಲಿ. ಶುಭಾಂಗಿಗೂ ಅವನನ್ನು ಕೇಳುವುದೊಂದಿತ್ತು. ಕೇಳಿದರೆ ಅವನು ಕೈ ಬಿಟ್ಟು ಹೋದಾನೆಂದು, ಅದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಬೈದಿದ್ದಳು.

ಈಗಲೂ ಕೇಳಲಿಲ್ಲ. "ಒಳಗ ಬರ್ರಿ," ಅಂದಳು. ದನಿ ಅವಳಿಗೇ ಗುರುತು ಸಿಗದಷ್ಟು ಮೆತ್ತಗಿತ್ತು.

ಅತುಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ.

ಕಾಜಲ ತಟ್ಟನೆ ಅವನ ಕಡೆ ತಿರುಗಿದಳು. ಅರ್ಧ ಹೆಣೆದ ಕೂದಲು ತಾಯಿಯ ಬೆರಳುಗಳಿಂದ ಜಾರಿ ಬಿಚ್ಚಿಕೊಂಡಿತು.

"ಕಾಕಾ, ನಮ್ಮಪ್ಪ ಬಿದ್ದ ಮ್ಯಾಲೂ ನಿಮ್ಮ ಕ್ಯಾಮೆರಾ ಚಾಲೂ ಇತ್ತಲ್ಲ. ಅದನ್ನ ಕೆಳಗಿಟ್ಟು ಅವನ್ನ ಎತ್ತಾಕ ನೀವು ಯಾಕ ಹೋಗಲಿಲ್ಲ?"