ಮೇ ತಿಂಗಳ ಬಾವಿ ನೀರು

ಆರನೆಯ ಬಂಗುಡೆಯ ಹೊಟ್ಟೆ ಸೀಳಿ ಕರುಳು ತೆಗೆಯುತ್ತಿದ್ದಾಗ ಬಾಗಿಲ ಗಂಟೆ ಹೊಡೆಯಿತು.

"ಉಮ್ಮಾ, ಸ್ವಲ್ಪ ನೋಡು! ನನ್ನ ಕೈಯೆಲ್ಲ ಮೀನು!"

ತಾಯಿ ಹವ್ವಮ್ಮ ಬಚ್ಚಲಿನಲ್ಲಿದ್ದರು. ಅಸೀಲಾ ಮೊಣಕೈಯಿಂದಲೇ ಶಾಲನ್ನು ತಲೆಗೆಳೆದುಕೊಂಡು, ಚೂರಿ ಹಿಡಿದ ಕೈಯಲ್ಲೇ ಬಾಗಿಲು ತೆರೆದಳು.

ಹೊರಗೆ ನಿಂತವನು ಚೂರಿಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಅಸೀಲಾ ಮೇಡಂ ಅಲ್ವಾ? ನಾನು ಶಿಹಾಬ್. ಮನೆಯ ವಿಷಯ ಫೋನಿನಲ್ಲಿ ಮಾತಾಡಿದ್ದು."

ಅವಳ ಮುಖ ಅರಳಿತು. ಈ ಶುಕ್ರವಾರಕ್ಕಾಗಿ ಮೂರು ವಾರದಿಂದ ಕಾದಿದ್ದಳು. ಅಗ್ರಿಮೆಂಟಿಗೆ ಸಹಿ ಹಾಕಿಬಿಟ್ಟರೆ ಮನೆ ಅವಳದು! ಆದರೆ ಅವನ ಕೈಗಳು ಖಾಲಿ.

"ಅಗ್ರಿಮೆಂಟ್ ಎಲ್ಲಿ?"

"ತಂದಿಲ್ಲ."

"ಮರೆತು ಬಂದದ್ದಾ?"

"ಅಲ್ಲ. ಈಗ ಸಹಿ ಬೇಡ. ಅದನ್ನು ಫೋನಿನಲ್ಲಿ ಹೇಳುದು ಸರಿಯಲ್ಲ ಅಂತ ಬಂದೆ."

ಚೂರಿಯ ಕೈ ತಾನಾಗಿ ಮೇಲೆದ್ದಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಮೇಡಂ, ಮೊದಲು ಆ ಚೂರಿ…"

"ಚೂರಿ ಅದರಷ್ಟಕ್ಕೆ ಇರ್ಲಿ! ಯಾಕೆ ಬೇಡ, ಅದನ್ನು ಹೇಳಿ!"

ಅವಳ ಸಿಟ್ಟಿಗೆ ಕಾರಣವಿತ್ತು. ಜಿದ್ದಾದ ಒಂದು ಕ್ಲಿನಿಕ್ಕಿನಲ್ಲಿ ಅವಳು ಒಂಬತ್ತು ವರ್ಷದಿಂದ ನರ್ಸ್. ಮದುವೆ ಮುರಿದು ಆರು ವರ್ಷ. ಬಾಪ ತೀರಿಕೊಂಡ ನಲವತ್ತನೆಯ ದಿನ ಅಣ್ಣ ಅಬ್ದುಲ್ ಸಲಾಂ ನಗುನಗುತ್ತಾ ಒಂದು ಕಾಗದ ಮುಂದಿಟ್ಟಿದ್ದ. ಓದದೆ ಸಹಿ ಹಾಕಿದಳು. ಹುಟ್ಟಿದ ಮನೆ ಅಂದೇ ಅವಳ ಕೈತಪ್ಪಿತು. ಆಮೇಲೆ ಆ ಮನೆಯಲ್ಲಿ ಹವ್ವಮ್ಮನಿಗೆ ಒಂದು ಲೋಟ ಚಾಯ ಬೇಕಾದರೂ ಸೊಸೆಯ ಮುಖ ನೋಡಬೇಕಾಯಿತು.

ಅದಕ್ಕೇ ಉಮ್ಮನನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡಿದ್ದಳು. ಆ ವೀಸಾ ಜುಲೈ ಕೊನೆಗೆ ಮುಗಿಯುತ್ತದೆ. ಉಮ್ಮ ಮತ್ತೆ ಅಣ್ಣನ ಹೊಸ್ತಿಲು ತುಳಿಯಬಾರದು. ಅಷ್ಟರೊಳಗೆ ಊರಲ್ಲಿ ತನ್ನದೇ ಒಂದು ಮನೆ ಆಗಬೇಕು!

ಶಿಹಾಬ್ ಮಂಗಳೂರಿನ ಒಂದು ಸಣ್ಣ ರಿಯಲ್ ಎಸ್ಟೇಟ್ ಕಂಪನಿಯ ಜಿದ್ದಾ ಪ್ರತಿನಿಧಿ. ಊರಲ್ಲಿ ಓಡಾಡುವವನು ಅವನ ಜೊತೆಗಾರ ರಝಾಕ್. ಮನೆ ಹುಡುಕುವುದು, ದಾಖಲೆ ನೋಡುವುದು, ಬೀಗದ ಕೈ ಕೊಡಿಸುವುದು, ಎಲ್ಲ ಅವರದೇ.

"ಮೇಡಂ, ಆ ಮನೆ ನೀವು ನೋಡಿದ್ದು ಯಾವಾಗ?"

"ಆಗಸ್ಟಿನಲ್ಲಿ. ರಜೆ ಸಿಕ್ಕುದೇ ಆಗ."

"ಗಲ್ಫಿನವರೆಲ್ಲ ಮನೆ ನೋಡುದು ಆಗಲೇ. ಮಳೆಗಾಲದಲ್ಲಿ ಯಾವ ಬಾವಿಯ ನೀರೂ ಸಿಹಿಯೇ. ಆ ಜಾಗ ಅಳಿವೆಗೆ ಹತ್ತಿರ. ಮೇ ತಿಂಗಳಲ್ಲಿ ಆ ಬದಿಯ ಬಾವಿಗಳಿಗೆ ಉಪ್ಪು ನೀರು ನುಗ್ತದೆ. ಈ ಬಾವಿ ಹೇಗೆ ಅಂತ ಕೇಳಿದ್ರೆ ನೆರೆಯವರಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಮೇ ಕೊನೆಗೆ ರಝಾಕ್ ಹೋಗಿ ಕುಡಿದು ನೋಡ್ಲಿ. ಆಮೇಲೆ ಅಡ್ವಾನ್ಸ್ ಕೊಡುವಾ."

"ಈಗ ಫೆಬ್ರವರಿ! ಮೇ ತನಕ ಆ ಮನೆಯವರು ನನಗಾಗಿ ಕಾಯ್ತಾರಾ? ನಿಮಗೆ ಬೇರೆ ಪಾರ್ಟಿ ಸಿಕ್ಕಿರ್ಬೇಕು. ಅದನ್ನು ನೇರ ಹೇಳಿ!"

"ನಿಮ್ಮ ಉಮ್ಮನಿಗೆ ಬಿಪಿ ಉಂಟು, ಉಪ್ಪು ಆಗುದಿಲ್ಲ ಅಂತ ನೀವೇ ಹೇಳಿದ್ರಿ."

ಅಸೀಲಾ ಚೂರಿ ಕೆಳಗಿಳಿಸಿದಳು. ಯಾವಾಗಲೋ ಫೋನಿನಲ್ಲಿ ಅಂದದ್ದನ್ನು ನೆನಪಿಟ್ಟಿದ್ದಾನೆ! ಅದಕ್ಕೂ ಸಿಟ್ಟು ಬಂತು.

ಅಷ್ಟರಲ್ಲಿ ಹವ್ವಮ್ಮ ಹೊರಬಂದರು. ಬಂದವನನ್ನು ಕೂರಿಸಿ ಶರಬತ್ತು ಕೊಟ್ಟು, ಮನೆಯ ವಿಷಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳಿದರು.

"ಮದುವೆ?"

"ಆಗ್ಲಿಲ್ಲ ಉಮ್ಮ."

"ಯಾಕೆ ಮಗಾ?"

"ಬ್ರೋಕರಿಗೆ ಹೆಣ್ಣು ಕೊಡುದು ಯಾರು? ನನ್ನ ಬಗ್ಗೆ ನಾನೇ ಒಳ್ಳೆಯದು ಹೇಳಿದ್ರೂ ಕಮಿಷನಿಗೆ ಹೇಳುದು ಅಂತಾರೆ."

ಹವ್ವಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಸೀಲಾ ನಗಲಿಲ್ಲ.

"ಕಾಯುವಾ ಮಗಳೇ," ಅಂದರು ಉಮ್ಮ.

ಉಮ್ಮನ ಮಾತಿಗೆ ಅವಳು ಒಪ್ಪಿದಳು. ಅವನ ಮಾತಿಗಲ್ಲ… ಹಾಗಂತ ತನಗೆ ತಾನೇ ಹೇಳಿಕೊಂಡಳು.

* * *

ಏಪ್ರಿಲಿನಲ್ಲಿ ಆ ಮನೆ ಮಾರಿಹೋಯಿತು. ಕೊಂಡವರು ಬೇರೆ ಯಾರೋ.

ಸುದ್ದಿ ಕೇಳಿದ ದಿನ ಡ್ಯೂಟಿ ಮುಗಿದದ್ದೇ ತಡ, ಅಸೀಲಾ ಸಮವಸ್ತ್ರದ ಮೇಲೆ ಅಬಾಯಾ ಹಾಕಿಕೊಂಡು ಶರಫಿಯಾ ಪೇಟೆಗೆ ಟ್ಯಾಕ್ಸಿ ಹಿಡಿದಳು. ಶುಕ್ರವಾರದ ಸಂಜೆ, ಕಾಲಿಡಲು ಜಾಗವಿಲ್ಲ. ಹೋಟೆಲೊಂದರ ಮೇಲಿನ ಮಹಡಿಯಲ್ಲಿ ಶಿಹಾಬನ ಆಫೀಸು. ಒಳಗೆ ಮೂವರು ಗಿರಾಕಿಗಳು ಕೂತಿದ್ದರು.

"ಮಾರಿ ಆಯ್ತಂತೆ!"

ಅವನು ಎದ್ದು ನಿಂತ. "ಹೌದು ಮೇಡಂ. ನಿನ್ನೆ ರಿಜಿಸ್ಟ್ರಿ ಆಯ್ತು."

"ಮತ್ತೆ ನೀವು ಇಲ್ಲಿ ಚಾಯ ಕುಡೀತಾ ಕೂತಿದ್ದೀರಿ!"

ಶಿಹಾಬ್ ಕೈಯಲ್ಲಿದ್ದ ಲೋಟವನ್ನು ಮೆಲ್ಲ ಕೆಳಗಿಟ್ಟ. ಗಿರಾಕಿಗಳಲ್ಲಿ ಒಬ್ಬರು, ಬಾಗಿಲ ಬಳಿಯಿದ್ದ ಮುದುಕರು ಮಹಮ್ಮದ್ ಕುಂಞಿ, ಕುರ್ಚಿ ತೋರಿಸಿದರು. "ಕೂತು ಮಾತಾಡು ಮಗಳೇ."

"ಕೂತುಕೊಳ್ಳಲಿಕ್ಕೆ ಬಂದದ್ದಲ್ಲ ನಾನು! ಇವರಿಗೆ ಬಾವಿ ನೀರು ಬೇಕಂತೆ, ಮೇ ತಿಂಗಳದ್ದು! ನನ್ನ ಉಮ್ಮ ಜುಲೈಯಲ್ಲಿ ಎಲ್ಲಿಗೆ ಹೋಗುದು? ಹೇಳಿ! ಎಲ್ಲಿಗೆ?"

ಅವನು ತಿರುಗಿ ಮಾತಾಡಲಿ ಎಂದು ಅವಳಿಗೆ ಆಸೆಯಾಯಿತು. ಕೂಗಾಡುತ್ತಿದ್ದ ಗಂಡನನ್ನು ಕಂಡಿದ್ದಳು, ನಗುತ್ತಾ ಮೋಸಮಾಡಿದ ಅಣ್ಣನನ್ನು ಕಂಡಿದ್ದಳು. ಈ ಮನುಷ್ಯ ಸುಮ್ಮನೆ ಕೇಳುತ್ತಾನಲ್ಲ… ಇವನೊಂದಿಗೆ ಜಗಳವಾಡುವುದು ಹೇಗೆ!

"ಬೈಯಿರಿ ಮೇಡಂ. ಬೈಯುವ ಹಕ್ಕು ನಿಮಗುಂಟು. ಬೇರೆ ಮನೆ ನಾನು ಹುಡುಕ್ತಾ ಇರ್ತೇನೆ."

"ಬೇಡ! ನಿಮ್ಮ ಮುಖವೂ ಬೇಡ, ಮನೆಯೂ ಬೇಡ!"

"ಮುಖ ತೋರಿಸುದಿಲ್ಲ. ಮನೆ ಹುಡುಕ್ತೇನೆ."

ಅವಳು ದಡದಡ ಮೆಟ್ಟಿಲಿಳಿದಳು. ಹಿಂದಿನಿಂದ ಮಹಮ್ಮದ್ ಕುಂಞಿಯವರ ಸ್ವರ ಕೇಳಿಸಿತು. "ಎಂತ ಮಾರಾಯ, ನಿನಗೆ ಬಾಯಿಯೇ ಇಲ್ಲವಾ?"

* * *

ಮೇ ಬಂತು. ಅಸೀಲಾಳ ಮನಸ್ಸು ಅವಳಿಗೇ ಅರ್ಥವಾಗದಂತಾಯಿತು.

ಆ ಬಾವಿಗೆ ಉಪ್ಪು ಬರಲಿ ಎಂದು ಅವಳು ಹಾರೈಸತೊಡಗಿದ್ದಳು! ಉಪ್ಪು ಬಂದರೆ ಕಳೆದುಕೊಂಡದ್ದು ಕೆಟ್ಟ ಮನೆ ಎಂದಾಗುತ್ತದೆ. ಉಪ್ಪು ಬಂದರೆ… ಅವನು ಹೇಳಿದ್ದು ಸರಿ ಎಂದಾಗುತ್ತದೆ. ಅವನು ಸರಿ ಎಂದಾಗಲು ತನಗೇಕೆ ಇಷ್ಟು ಆಸೆ? ಆ ಪ್ರಶ್ನೆಯನ್ನು ಅವಳು ಮುಂದಕ್ಕೆ ಹೋಗಲು ಬಿಡಲಿಲ್ಲ.

ತಿಂಗಳ ಕೊನೆಯ ವಾರ, ಉರಿಬಿಸಿಲಿನ ಮಧ್ಯಾಹ್ನ, ಅವನು ಬಾಗಿಲಿಗೆ ಬಂದ.

"ಮುಖ ತೋರಿಸುದಿಲ್ಲ ಅಂದಿದ್ರಿ."

"ಇವತ್ತು ತೋರಿಸ್ಲೇಬೇಕು." ಅವನು ಹಣೆಯ ಬೆವರು ಒರೆಸಿಕೊಂಡ. "ರಝಾಕ್ ಆ ಮನೆಗೆ ಹೋಗಿದ್ದ. ಬಾಯಾರಿಕೆ ಅಂತ ಹೇಳಿ ಹೊಸ ಮಾಲೀಕರ ಹತ್ತಿರ ಒಂದು ಚೆಂಬು ನೀರು ಕೇಳಿ ಕುಡಿದ. ಬಾವಿಯಿಂದ ಅವನ ಎದುರೇ ಸೇದಿ ಕೊಟ್ಟದ್ದು."

"ಉಪ್ಪಾ?"

"ಸಿಹಿ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಸುತ್ತಲಿನ ಮೂರು ಬಾವಿ ಉಪ್ಪು. ಅದೊಂದು ಮಾತ್ರ ಸಿಹಿ. ನನ್ನ ಲೆಕ್ಕ ತಪ್ಪಿತು ಮೇಡಂ. ಒಳ್ಳೆಯ ಮನೆಯೇ ಅದು. ನಿಮಗೆ ತಪ್ಪಿದ್ದು ನನ್ನಿಂದ."

"ಹೋಗಿ."

"ಮೇಡಂ…"

"ಹೋಗಿ ಅಂದೆ!"

ಗೋಡೆ ಅದುರುವಂತೆ ಬಾಗಿಲು ಹಾಕಿದಳು. ಅದಕ್ಕೇ ಒರಗಿ ನಿಂತಳು. ಕಣ್ಣೀರು ಧಾರೆಧಾರೆಯಾಗಿ ಇಳಿಯಿತು. ಒಳ್ಳೆಯ ಮನೆ! ಉಮ್ಮನ ಮನೆ! ಇವನ ಒಂದು ಹಟದಿಂದ ಹೋಯಿತು!

ಅಳುತ್ತಾ ಅಳುತ್ತಾ ಏನೋ ಒಂದು ಎದೆಗೆ ತಟ್ಟಿತು.

ಮಾರಿಹೋದ ಮನೆಯ ಬಾವಿಯನ್ನು ಇವನಿಗೆ ಯಾರು ನೋಡಲು ಹೇಳಿದ್ದರು? ನೋಡಿದರೂ, ಬೇರೆ ಯಾರು ಬಂದು ತನಗೆ ಹೇಳುತ್ತಿದ್ದರು?

ಆರು ವರ್ಷ ಗಂಡನ ಒಂದು ಮಾತಿಗೆ ಕಾದಿದ್ದಳು. ಅಣ್ಣನ ಒಂದು ಫೋನಿಗೆ ಕಾದಿದ್ದಳು. 'ತಪ್ಪು ನನ್ನದು' ಎಂದು ಬಾಗಿಲಿಗೆ ಬಂದು ಹೇಳಿದ ಮೊದಲ ಮನುಷ್ಯನ ಮುಖಕ್ಕೇ ಈಗ ಬಾಗಿಲು ಹಾಕಿದ್ದಾಳೆ…

ಮತ್ತೆ ಬಾಗಿಲು ತೆರೆದಳು. ಲಿಫ್ಟ್ ಇನ್ನೂ ಬಂದಿರಲಿಲ್ಲ. ಅವನು ಗೋಡೆ ನೋಡುತ್ತಾ ನಿಂತಿದ್ದ.

"ಯಾಕೆ ಹೇಳಿದ್ರಿ? ಉಪ್ಪು ಅಂತ ಹೇಳಿದ್ರೆ ನಾನು ನಂಬ್ತಿದ್ದೆ!"

"ಗೊತ್ತುಂಟು. ನಂಬ್ತಿದ್ರಿ ಅಂತಲೇ ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ಲ."

"ನನಗೆ ನಿಮ್ಮ ಮೇಲೆ ಸಿಟ್ಟು ಹೋಗ್ಲಿಲ್ಲ!"

"ಹೋಗುದು ಬೇಡ."

ಲಿಫ್ಟ್ ಬಂತು. ಅವನು ಹೋದ.

ಮರುದಿನ ಅಸೀಲಾ ಕಾಗದ ಪೆನ್ನು ಹಿಡಿದು ಕೂತಳು. ಅವನಿಗಲ್ಲ, ಊರಿನಲ್ಲಿದ್ದ ಅವನ ಉಮ್ಮನಿಗೆ ಬರೆದಳು.

'ಉಮ್ಮ, ನಿಮ್ಮ ಮಗನ ಮೇಲೆ ನನಗೆ ಬಹಳ ಸಿಟ್ಟಿದೆ. ಅವರಿಂದ ನನಗೊಂದು ಒಳ್ಳೆಯ ಮನೆ ತಪ್ಪಿತು. ಅದನ್ನು ಅವರೇ ಬಂದು ಹೇಳಿದರು. ಇಂಥವರ ಮೇಲೆ ಜೀವನವಿಡೀ ಸಿಟ್ಟು ಮಾಡಿಕೊಂಡು ಜೊತೆಯಲ್ಲೇ ಬದುಕಬಹುದು ಅನ್ನಿಸಿದೆ. ನಿಮಗೆ ಒಪ್ಪಿಗೆಯೇ?'

ಬರೆದು ಮುಗಿಸಿ ನಾಚಿಕೆಯಿಂದ ಸುಟ್ಟುಹೋದಳು. ಹೆಣ್ಣಿನ ಕಡೆಯಿಂದ ಇಂಥ ಪತ್ರವೇ? ಅವನೇ ಕೇಳಲಿ! ಲಕೋಟೆಗೆ ಅಂಟು ಹಚ್ಚಿ ಉಮ್ಮನ ಔಷಧಿಯ ಡಬ್ಬಿಯ ಕೆಳಗೆ ಅಡಗಿಸಿಟ್ಟಳು.

* * *

ಜೂನಿನಲ್ಲಿ ಅವನು ಇನ್ನೊಂದು ಮನೆ ಹುಡುಕಿದ. ಸಣ್ಣದು, ಆದರೆ ಗಟ್ಟಿ. ಬಾವಿಯ ನೀರನ್ನು ಬೇಸಗೆಯಲ್ಲೇ ಕುಡಿದು ನೋಡಿಯಾಗಿತ್ತು. ಅವಳು ಖುಷಿಯಿಂದ ಹಣ ಕಳಿಸಲು ಹೊರಟರೆ ಅವನು ಫೋನ್ ಮಾಡಿ ಮತ್ತೆ ತಡೆದ!

"ಇನ್ನೆಂತ ರಗಳೆ?"

"ಮಾರುವವರು ಮೂವರು ಅಣ್ಣತಮ್ಮಂದಿರು. ಅವರಿಗೊಬ್ಬಳು ತಂಗಿ ಇದ್ದಾಳೆ, ಬೀಬಿ ಅಂತ. ಗಂಡನ ಜೊತೆ ಅಲ್ ಖಫ್ಜಿಯಲ್ಲಿರುದು. ಅವಳ ಸಹಿ ಬೇಡ, ಅವಳೆಂತ ಕೇಳುದಿಲ್ಲ ಅಂತಾರೆ ಇವರು. ನಾನು ಹೋಗಿ ಕೇಳಿ ಬರ್ತೇನೆ. ಅವಳ ಪಾಲು ಅವಳಿಗೆ ಕೊಟ್ಟ ಮೇಲೆಯೇ ನಿಮ್ಮ ಸಹಿ."

"ಅಲ್ ಖಫ್ಜಿಗಾ? ಕುವೈತ್ ಗಡಿಗೆ! ಇಲ್ಲಿಂದ ಒಂದು ದಿನದ ದಾರಿ!"

"ಅವಳು ಓದಿ ಸಹಿ ಹಾಕ್ಬೇಕು ಮೇಡಂ. ಓದದೆ ಅಲ್ಲ."

ಅಸೀಲಾ ಫೋನನ್ನು ಕಿವಿಗೆ ಹಿಡಿದೇ ಇದ್ದಳು. ಅಂದು ಬಾಪನ ಮನೆಯ ಕಾಗದ ಮುಂದಿಟ್ಟಾಗ ಇಂಥ ಒಬ್ಬ ಬ್ರೋಕರ್ ಇದ್ದಿದ್ದರೆ…

ಅವನು ಬಸ್ಸಿನಲ್ಲಿ ಹೋಗಿ ಬಂದ. ಬೀಬಿಗೆ ಪಾಲು ಸಿಕ್ಕಿತು, ಸಹಿಯೂ ಆಯಿತು. ಊರಲ್ಲಿ ತನ್ನ ಪರವಾಗಿ ಸಹಿ ಹಾಕಲು ಅಸೀಲಾ ಪವರ್ ಆಫ್ ಅಟಾರ್ನಿ ಬರೆಸುವಾಗಲೂ ಅವನದೇ ಎಚ್ಚರಿಕೆ. "ಈ ಒಂದು ಮನೆಗೆ ಮಾತ್ರ ಅಂತ ಬರೆಸಿ. ಪೂರ್ತಿ ಅಧಿಕಾರ ಯಾರಿಗೂ ಕೊಡ್ಬೇಡಿ. ನನಗೂ."

ಜುಲೈ ಮೊದಲ ವಾರ ಮನೆ ಅವಳ ಹೆಸರಿಗಾಯಿತು. ಅವನು ಮನೆಯ ವಿಷಯ ಬಿಟ್ಟು ಬೇರೆ ಒಂದೂ ಮಾತು ಆಡಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು!

* * *

ಹವ್ವಮ್ಮ ಊರಿಗೆ ಹೊರಟ ದಿನ ಅದೇ ವಿಮಾನದಲ್ಲಿ ಶಿಹಾಬನೂ ಹೊರಟಿದ್ದ. ಉಮ್ಮನನ್ನು ಹೊಸ ಮನೆಯೊಳಗೆ ಬಿಟ್ಟು, ಗ್ಯಾಸ್, ಕರೆಂಟು ಎಲ್ಲ ಸರಿಯಿದೆಯೇ ಎಂದು ನೋಡಿಯೇ ಅವನು ತನ್ನ ಮನೆಗೆ ಹೋಗುವುದಂತೆ.

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳೆಲ್ಲ ಒಳಹೋದವು. ಮೂವರೂ ನಿಂತರು.

"ಇನ್ನೆಂತಾದ್ರೂ ಕೇಳ್ಲಿಕ್ಕುಂಟಾ ನಿಮಗೆ?" ಅಂದಳು ಅಸೀಲಾ.

"ಇಲ್ಲ ಮೇಡಂ. ಎಲ್ಲ ಕಾಗದ ಆಯ್ತು."

"ಇಲ್ಲವಾ!" ಅವಳ ಸ್ವರ ಏರಿತು. ಪಕ್ಕದ ಸಾಲಿನವರು ತಿರುಗಿ ನೋಡಿದರು. "ಊರಿನ ಬಾವಿಯೆಲ್ಲ ಕುಡಿದು ನೋಡ್ತೀರಿ. ಗಡಿಯ ತನಕ ಹೋಗಿ ಸಹಿ ತರ್ತೀರಿ. ಎದುರು ನಿಂತವಳನ್ನು ಒಂದು ಮಾತು ಕೇಳ್ಲಿಕ್ಕೆ ಬಾಯಿಲ್ಲವಾ ನಿಮಗೆ?"

ಶಿಹಾಬ್ ತಲೆ ತಗ್ಗಿಸಿದ. ಕಿವಿ ಕೆಂಪಾಯಿತು.

"ಕೇಳ್ಲಿಕ್ಕುಂಟು… ಫೆಬ್ರವರಿಯಿಂದ ಉಂಟು. ಆದ್ರೆ ಮನೆ ಕೊಡಿಸ್ಲಿಕ್ಕೆ ಬಂದವನು ಮನೆಯ ಮಗಳನ್ನು ಕೇಳಿದ್ರೆ, ನಾಳೆ ಒಂಟಿ ಹೆಣ್ಣುಮಕ್ಕಳು ಯಾರಾದ್ರೂ ನಂಬಿ ನಮಗೆ ಬಾಗಿಲು ತೆಗೀತಾರಾ? ಮೇಲಿಂದ ನಿಮಗೆ ಒಂದು ಮನೆ ತಪ್ಪಿಸಿದವನು ನಾನು. ಯಾವ ಮುಖದಲ್ಲಿ ಕೇಳ್ಲಿ?"

ಫೆಬ್ರವರಿಯಿಂದ! ಅಸೀಲಾಳ ಕಣ್ಣು ತುಂಬಿತು. ಸಿಟ್ಟು ಇನ್ನೂ ಇತ್ತು, ಆದರೆ ಅದರ ಕಾವು ಬೇರೆಯೇ ಆಗಿತ್ತು.

"ಹಾಗಾದ್ರೆ ನೀವು ಕೇಳ್ಬೇಡಿ."

ಅವಳು ಚೀಲದೊಳಗಿಂದ ಲಕೋಟೆ ತೆಗೆದಳು.

"ಕಡೆಗೂ!" ಅಂದರು ಹವ್ವಮ್ಮ. "ಆರು ವಾರದಿಂದ ನನ್ನ ಮಾತ್ರೆಯ ಡಬ್ಬಿಯ ಅಡಿಯಲ್ಲಿತ್ತು. ದಿನಾ ಎತ್ತಿ ಇಡುದು ನನಗೇ ಬೇಜಾರಾಯ್ತು."

"ಉಮ್ಮಾ!"

"ಎಂತ ಉಮ್ಮ? ಕೊಡು ಬೇಗ, ವಿಮಾನ ನಿಲ್ಲುದಿಲ್ಲ."

ಅಸೀಲಾ ಲಕೋಟೆಯನ್ನು ಅವನ ಕೈಗಿಟ್ಟಳು. "ನಿಮ್ಮ ಉಮ್ಮನಿಗೆ. ನೀವು ಒಡೆಯುವ ಹಾಗಿಲ್ಲ."

"ಎಂತ ಉಂಟು ಇದರಲ್ಲಿ?"

"ನಿಮ್ಮ ಉಮ್ಮ ಹೇಳ್ತಾರೆ."

"ಓದದ ಕಾಗದ ನಾನು ಯಾರ ಕೈಗೂ ಕೊಡುವವನಲ್ಲ ಮೇಡಂ."

"ಇದೊಂದನ್ನು ಕೊಡಿ."

ಅವನು ಅವಳ ಮುಖ ನೋಡಿದ. ಅಲ್ಲಿ ಬರೆದದ್ದನ್ನು ಓದಿಕೊಂಡನೋ ಏನೋ, ಅವನು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಜವಾಬು ಹೇಗೆ ಕಳಿಸ್ಲಿ… ಅಸೀಲಾ?"

"ಕಳಿಸುದಲ್ಲ. ನೀವೇ ತನ್ನಿ."

"ತಡ ಆದ್ರೆ?"

"ಬೈತೇನೆ."

"ಹಾಗಾದ್ರೆ ಬೇಗ ಬರ್ತೇನೆ. ಬೈಸಿಕೊಳ್ಳಲಿಕ್ಕೆ ಆಮೇಲೆ ತುಂಬ ದಿನ ಉಂಟು."

ಹವ್ವಮ್ಮನ ಕೈಹಿಡಿದು ಅವನು ಒಳಗೆ ನಡೆದ. ಗಾಜಿನ ಆಚೆ ಸರದಿಯಲ್ಲಿ ಫೋನು, ಪರ್ಸು, ಬೆಲ್ಟು ಎಲ್ಲವನ್ನೂ ಟ್ರೇಯಲ್ಲಿಟ್ಟ. ಲಕೋಟೆಯನ್ನು ಮಾತ್ರ ಇಡಲಿಲ್ಲ. ಕಾವಲಿನವನು ಏನೋ ಕೇಳಿದ. ಶಿಹಾಬ್ ನಕ್ಕು ತಲೆಯಾಡಿಸಿ, ಅದನ್ನು ಎತ್ತಿ ತೋರಿಸಿ, ಕೈಯಲ್ಲೇ ಹಿಡಿದುಕೊಂಡು ಆಚೆ ದಾಟಿದ.

ಪತ್ರ ಹೊರಟಿತು.