ಹಳದಿ ದೀಪ ಹೊತ್ತಿದ ಶನಿವಾರ

ಆ ಟ್ರ್ಯಾಕ್‌ನಲ್ಲಿ ಕನ್ನಡದಲ್ಲಿ ಬೈದರೆ ಯಾರಿಗೂ ತಿಳಿಯುವುದಿಲ್ಲ ಎಂದು ಐಶ್ವರ್ಯ ನಂಬಿದ್ದಳು.

ಶಿಕಾಗೋಗೂ ಡೆಟ್ರಾಯ್ಟ್‌ಗೂ ಹೆಚ್ಚುಕಡಿಮೆ ನಡುವೆ, ಐ-94 ಹೆದ್ದಾರಿ ಪಕ್ಕದ ಜೋಳದ ಹೊಲಗಳ ಮಧ್ಯೆ ಇದ್ದ ಸಣ್ಣ ಸ್ಟಾಕ್ ಕಾರ್ ರೇಸ್ ಟ್ರ್ಯಾಕ್ ಅದು. ಐಶ್ವರ್ಯ ವಾರವೆಲ್ಲ ಡೆಟ್ರಾಯ್ಟ್ ಹತ್ತಿರದ ನೋವೈಯ ಒಂದು ಎಂಜಿನ್ ಲ್ಯಾಬ್‌ನಲ್ಲಿ ದುಡಿಯುತ್ತಿದ್ದಳು. ಶನಿವಾರ ಬಂತೆಂದರೆ ಟ್ರೇಸಿ ಕೊವಾಲ್ಸ್ಕಿಯ ಟೀಮ್‌ಗೆ ಓಡಿ ಬರುತ್ತಿದ್ದಳು. ಟ್ರೇಸಿ ಕಾರ್ ಓಡಿಸುವವಳು; ಅದರ ಎಂಜಿನ್ ಕಾಯದಂತೆ ನೋಡಿಕೊಳ್ಳುವುದು ಐಶ್ವರ್ಯಳ ಕೆಲಸ.

ಅಂದು ಟ್ರೇಸಿ ಎಲ್ಲರಿಗಿಂತ ಬಹಳ ಮುಂದಿದ್ದಳು. ಅಷ್ಟರಲ್ಲಿ ಹಳದಿ ದೀಪ ಹೊತ್ತಿತು. ಟ್ರ್ಯಾಕ್ ಮೇಲೆ ಏನಾದರೂ ಬಿದ್ದರೆ ಹೊತ್ತುವ ದೀಪ ಅದು. ಅದು ಹೊತ್ತಿದರೆ ಎಲ್ಲರೂ ಮುಂದೆ ದಾರಿ ತೋರುವ ಪೇಸ್ ಕಾರಿನ ಹಿಂದೆ ನಿಧಾನವಾಗಿ ಸಾಲುಗಟ್ಟಿ ಹೋಗಬೇಕು. ಮುಂದಿದ್ದವರ ಅಂತರವೆಲ್ಲ ಕರಗಿಹೋಗುತ್ತದೆ.

"ಯಾವ ಹುಚ್ಚಪ್ಯಾಲಿ ಒತ್ತಿದ್ನೋ ಈ ಗುಂಡಿ! ಕಣ್ಣಾಗ ಸುಣ್ಣ ಹಾಕ್ಕೊಂಡು ಕುಂತಾನೇನ!" ಎಂದು ಐಶ್ವರ್ಯ ಟೀಮ್ ರೇಡಿಯೋದಲ್ಲೇ ಕೂಗಿಬಿಟ್ಟಳು.

ರೇಸ್ ಮುಗಿದ ಮೇಲೆ, ಕೊರಳಲ್ಲಿ ಹೆಡ್‌ಸೆಟ್ ನೇತುಹಾಕಿಕೊಂಡ ಎತ್ತರದ ಹುಡುಗನೊಬ್ಬ ಅವರ ಟೀಮ್ ಕಾರ್ ರಿಪೇರಿ ಮಾಡುವ ಪಿಟ್‌ಗೆ ಬಂದು ನಿಂತ.

"ಸುಣ್ಣ ಇಲ್ಲ ಕಣ್ರೀ. ಬೇಕಾದ್ರೆ ನೋಡ್ಕೊಳ್ಳಿ," ಎಂದು ಕಣ್ಣು ಅಗಲಿಸಿ ತೋರಿಸಿದ.

ಐಶ್ವರ್ಯಳ ಮುಖ ಕಿವಿಯ ತುದಿಯವರೆಗೂ ಕೆಂಪಾಯಿತು. ಆ ಕಣ್ಣುಗಳಲ್ಲಿ ಸುಣ್ಣವಂತೂ ಇರಲಿಲ್ಲ, ತುಂಟತನ ಬೇಕಾದಷ್ಟಿತ್ತು.

"ಆ ರೇಸ್ ಕಂಟ್ರೋಲ್ ಟವರ್‌ನಲ್ಲಿ ಎಲ್ಲಾ ಟೀಮ್‌ಗಳ ರೇಡಿಯೋನೂ ಕೇಳ್ಸುತ್ತೆ. ಗುಂಡಿ ಒತ್ತೋ ಹುಚ್ಚಪ್ಯಾಲಿ ನಾನೇ. ವಿಶ್ರುತ್. ಊರು ಮೈಸೂರು, ಮನೆ ಶಿಕಾಗೋ ಹತ್ರ ಲಿಸ್ಲ್‌ನಲ್ಲಿ."

"ಆದ್ರೂ ಯಾಕ್ ಒತ್ತಿದ್ರಿ?"

"ಮೂರನೇ ತಿರುವಿನಲ್ಲಿ ಇಡೀ ಬಂಪರ್ ಬಿದ್ದಿತ್ತು ಮೇಡಂ."

"ಹೌದಾ? ಹಂಗಾರ ಸಾರಿ ರೀ."

"ಬರೀ ಸಾರಿ ಆಗಲ್ಲ. ಕಾಫಿ ಕೊಡಿಸ್ಬೇಕು."

ಕೊಡಿಸಿದಳು. ಮುಂದಿನ ವಾರ ಅವನು ಕೊಡಿಸಿದ. ಬೇಸಿಗೆ ಮುಗಿಯುವಷ್ಟರಲ್ಲಿ 'ರೀ' ಬಿದ್ದುಹೋಗಿ 'ನೀನು' ಬಂದಿತ್ತು.

ಭಾನುವಾರಗಳಲ್ಲಿ ಇಬ್ಬರೂ ಸೇಂಟ್ ಜೋಸೆಫ್ ಎಂಬ ಊರಿನ ದೊಡ್ಡ ಸರೋವರದ ದಂಡೆಯಲ್ಲಿ ಸೇರುತ್ತಿದ್ದರು. ಅವನು ಪಶ್ಚಿಮದಿಂದ, ಅವಳು ಪೂರ್ವದಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಶಿಕಾಗೋ ಗಡಿಯಾರ ಒಂದು ಗಂಟೆ ಹಿಂದೆ. "ತಡ ಆಗಿಲ್ಲ ಕಣೇ, ನನ್ನ ಲೆಕ್ಕದಲ್ಲಿ ಇನ್ನೂ ಹನ್ನೊಂದು," ಎಂದು ಅವನು ಗಡಿಯಾರ ತೋರಿಸುವಾಗ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು, ನಗು ಕಾಣಬಾರದೆಂದು. ಅವನು ಸುತ್ತಿ ಬಂದು ಆ ಕಡೆಯಿಂದ ಇಣುಕುತ್ತಿದ್ದ.

ಮರಳಿನಲ್ಲಿ ಕುಳಿತು ಅವಳು ಎಂಜಿನ್ ಮಾತು ತೆಗೆದರೆ ಅವನು ಗಲ್ಲಕ್ಕೆ ಕೈ ಕೊಟ್ಟು ಅವಳ ತುಟಿಗಳನ್ನೇ ನೋಡುತ್ತಿದ್ದ.

"ಕೇಳಾಕತ್ತೀಯೋ ಇಲ್ಲೋ?"

"ಕೇಳ್ತಾ ಇದೀನಿ. ಕಾರಿನ ಮುಂದಿನ ಜಾಲರಿಗೆ ಟೇಪ್ ಹಚ್ಚಿದ್ರೆ ಗಾಳಿ ಒಳಗೆ ಹೋಗಲ್ಲ. ಕಾರ್ ನೆಲಕ್ಕೆ ಕಚ್ಚಿಕೊಂಡು ಜೋರಾಗಿ ಓಡುತ್ತೆ, ಆದ್ರೆ ಎಂಜಿನ್ ಕಾಯುತ್ತೆ."

"ಅದಕ್ಕ ನಾ ಟೇಪ್ ಕಡಿಮಿ ಹಚ್ಚತೀನಿ. ಮೊದಲು ಹಿಂದ ಬಿದ್ರೂ ಚಿಂತಿಲ್ಲ. ಬಾಕಿಯವರು ಕಾದು ಕುದಿಯೋ ಹೊತ್ತಿಗೆ ನಮ್ಮ ಕಾರ್ ತಣ್ಣಗ ಮುಂದ ಹೋಗತೈತಿ."

"ಮಧ್ಯ ಹಳದಿ ದೀಪ ಬಂದ್ರೆ?"

"ಬಂದ್ರ ಅವರ ಎಂಜಿನ್ ತಣ್ಣಗಾಗತೈತಿ, ನಮ್ಮ ತಾಳ್ಮಿ ನೀರಾಗ ಹೋಮ." ಅವಳು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ಖರೇನ ಏನಾರ ಬಿದ್ದಿದ್ರ ಒತ್ತು. ಅದಕ್ಕ ನನ್ನ ತಕರಾರಿಲ್ಲ."

ಒಂದು ಭಾನುವಾರ ಅವರಿಬ್ಬರೂ ಅಲ್ಲಿನ ಡೈನರ್‌ನಲ್ಲಿ ಒಂದೇ ತಟ್ಟೆಯ ಪೈ ತಿನ್ನುವಾಗ ಗ್ಯಾರಿ ವ್ಯಾನ್‌ಡೈಕ್ ಒಳಗೆ ಬಂದ. ಅವನ ಟೀಮ್‌ಗೂ ಟ್ರೇಸಿಗೂ ಆ ವರ್ಷ ಚಾಂಪಿಯನ್‌ಶಿಪ್‌ಗೆ ನೇರ ಪೈಪೋಟಿ. ಗ್ಯಾರಿ ಇಬ್ಬರನ್ನೂ ನೋಡಿದ, ನಕ್ಕ. ಹಳದಿ ದೀಪ ಇನ್ನು ಯಾರಿಗೋಸ್ಕರ ಹೊತ್ತುತ್ತದೆ ಅಂತ ಈಗ ಗೊತ್ತಾಯಿತು ಬಿಡಿ ಎಂದು ಹೇಳಿ ತನ್ನ ಕಾಫಿ ತೆಗೆದುಕೊಂಡು ಹೋದ.

ಐಶ್ವರ್ಯ ಫೋರ್ಕ್ ಕೆಳಗಿಟ್ಟಳು. "ನಾಳೆನ ನಿಮ್ಮ ರೇಸ್ ಡೈರೆಕ್ಟರ್‌ಗೆ ನಮ್ಮ ವಿಷಯ ಹೇಳಿಬಿಡು. ಕೊನೇ ರೇಸ್‌ಗೆ ಆ ಕುರ್ಚಿ ಮ್ಯಾಲೆ ಬ್ಯಾರೆಯವರು ಕೂಡಲಿ."

"ಫೈನಲ್ ರೇಸ್ ಬಿಟ್ಕೊಡ್ಬೇಕಾ? ವಾರವೆಲ್ಲ ಆಫೀಸ್‌ನಲ್ಲಿ ಸ್ಕ್ರೀನ್ ನೋಡಿ ಸಾಯ್ತೀನಿ ಐಶೂ. ನಂಗೆ ಉಸಿರು ಬರೋದೇ ಆ ಟವರ್ ಮೇಲೆ."

"ನಿನ್ನ ಮ್ಯಾಲೆ ಅನುಮಾನ ಬಂದ್ರ?"

"ನಾನು ಫೇರ್ ಅಂತ ಎಲ್ಲರಿಗೂ ಗೊತ್ತು. ಬಿಡು." ಅವನು ಉಳಿದ ಪೈಯನ್ನು ಅವಳ ಕಡೆ ಸರಿಸಿದ. "ರೇಸ್ ಮಾರನೇ ದಿನ ನೇಪರ್‌ವಿಲ್‌ಗೆ, ನಮ್ಮಕ್ಕನ ಮನೆಗೆ ಬರ್ಬೇಕು. ಪದ್ಮಕ್ಕ ಊಟಕ್ಕೆ ಕರೆದಿದಾಳೆ. ನಿನ್ನನ್ನ ನೋಡ್ಬೇಕಂತೆ."

ಅಕ್ಕ ಕರೆದಿದ್ದಾಳೆ ಎಂದ ಮೇಲೆ ಆ ಮಾತಿನ ಬೆಲೆ ಏನೆಂದು ಐಶ್ವರ್ಯಳಿಗೆ ಗೊತ್ತಿತ್ತು. ಆ ಸಂತೋಷದಲ್ಲಿ ಅವಳು ಡೈರೆಕ್ಟರ್ ವಿಷಯ ಮತ್ತೆ ಎತ್ತಲಿಲ್ಲ. ಅವನೂ ಯಾರಿಗೂ ಏನೂ ಹೇಳಲಿಲ್ಲ.

ಅಕ್ಟೋಬರ್ ಶನಿವಾರ. ತಿಳಿ ಬಿಸಿಲು, ಚಳಿ ಗಾಳಿ. ಟ್ರೇಸಿಗೆ ಅದು ಕೊನೆಯ ರೇಸ್. ಕುತ್ತಿಗೆಯ ಮೂಳೆ ಸವೆದಿದೆ, ಈ ಸೀಸನ್ ಮುಗಿಸಿ ನಿಲ್ಲಿಸು ಎಂದು ಡಾಕ್ಟರ್ ಹೇಳಿದ್ದರು. ಇಪ್ಪತ್ತು ವರ್ಷ ಓಡಿಸಿದರೂ ಚಾಂಪಿಯನ್‌ಶಿಪ್ ಅವಳ ಕೈಗೆ ಸಿಕ್ಕಿರಲಿಲ್ಲ.

ಗ್ಯಾರಿಯ ಕಾರ್ ಟೇಪ್ ಬಿಗಿದುಕೊಂಡು ಮೊದಲಿಂದಲೇ ಮುಂದೆ ನುಗ್ಗಿತು. ಅರ್ಧ ದಾರಿಯಲ್ಲಿ, ನಾಲ್ಕನೇ ತಿರುವಿನ ಗೋಡೆಯ ಬುಡದಲ್ಲಿ ಟೈರಿನ ರಬ್ಬರ್ ಪಟ್ಟಿಯೊಂದು ಬಿತ್ತು. ರೇಡಿಯೋದಲ್ಲಿ ವಿಶ್ರುತ್‌ನ ಧ್ವನಿ ಬಂತು: ರಬ್ಬರ್ ಚೂರು, ಕಾರುಗಳ ದಾರಿಯಲ್ಲಿಲ್ಲ, ರೇಸ್ ಮುಂದುವರಿಯಲಿ.

ಸರಿಯಾದ ತೀರ್ಮಾನ ಎಂದುಕೊಂಡಳು ಐಶ್ವರ್ಯ.

ಆಮೇಲೆ ಅವಳು ಎಣಿಸಿದ್ದಂತೆಯೇ ಆಯಿತು. ಗ್ಯಾರಿಯ ಕಾರಿನಿಂದ ಬಿಳಿ ಹಬೆ ಚಿಮ್ಮತೊಡಗಿತು. ಅವನ ಡ್ರೈವರ್ ವೇಗ ತಗ್ಗಿಸಲೇಬೇಕಾಯಿತು. ಟ್ರೇಸಿ ಅವನನ್ನು ದಾಟಿದಳು, ದೂರವಾದಳು, ಇನ್ನೂ ದೂರವಾದಳು. ಟ್ರೇಸಿಯ ಎಂಜಿನ್ ಅಪಾಯವಿಲ್ಲದ ಇನ್ನೂರ ಹದಿನೈದು ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಕೂತ ಹಾಗೇ ಕೂತಿತ್ತು.

ಕೊನೆಗೆ ಸ್ವಲ್ಪವೇ ಸುತ್ತುಗಳು ಉಳಿದಿದ್ದಾಗ ಅದೇ ನಾಲ್ಕನೇ ತಿರುವಿನಲ್ಲಿ, ಅದೇ ಗೋಡೆಯ ಬುಡದಲ್ಲಿ, ಇನ್ನೊಂದು ರಬ್ಬರ್ ಚೂರು ಬಿತ್ತು. ಮೊದಲಿನದಕ್ಕಿಂತ ಚಿಕ್ಕದು.

ಹಳದಿ ದೀಪ ಹೊತ್ತಿತು.

ಐಶ್ವರ್ಯ ಈ ಸಲ ಬೈಯಲಿಲ್ಲ. ತಲೆ ಎತ್ತಿ ಟವರ್‌ನ ಗಾಜಿನ ಕಡೆ ನೋಡಿದಳು. ಅಲ್ಲಿ ಬಿಸಿಲು ಹೊಳೆಯುತ್ತಿತ್ತು, ಯಾರ ಮುಖವೂ ಕಾಣಲಿಲ್ಲ.

ಕಾರುಗಳು ಸಾಲುಗಟ್ಟಿದವು. ಗ್ಯಾರಿಯ ಹುಡುಗರು ಕಾರನ್ನು ಪಿಟ್‌ಗೆ ಕರೆಸಿ ರೇಡಿಯೇಟರ್ ಮೇಲೆ ತಣ್ಣೀರು ಸುರಿದರು. ಟೇಪ್ ಮಾತ್ರ ತೆಗೆಯಲಿಲ್ಲ. ತೆಗೆಯುವ ಅಗತ್ಯವೇ ಇರಲಿಲ್ಲ. ಆ ಎಂಜಿನ್ ಮತ್ತೆ ಕಾಯುವಷ್ಟರಲ್ಲಿ ರೇಸ್ ಮುಗಿದಿರುತ್ತಿತ್ತು. ಹಸಿರು ದೀಪ ಬಂದ ಮೇಲೆ ಆ ಕಾರ್ ಒಬ್ಬೊಬ್ಬರನ್ನೇ ಹಿಂದಕ್ಕೆ ಹಾಕಿ, ಕೊನೆಯ ಸುತ್ತಿನಲ್ಲಿ ಟ್ರೇಸಿಯನ್ನೂ ದಾಟಿತು. ಚಾಂಪಿಯನ್‌ಶಿಪ್ ಗ್ಯಾರಿಯ ಪಾಲಾಯಿತು.

ಟ್ರೇಸಿ ಕಾರಿನಿಂದಿಳಿದು ಹೆಲ್ಮೆಟ್ ತೆಗೆದಳು. ಅದನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಳು. ಆಮೇಲೆ ಐಶ್ವರ್ಯಳ ಬೆನ್ನು ತಟ್ಟಿ, ನಿನ್ನ ಎಂಜಿನ್ ಚೆನ್ನಾಗಿ ಓಡಿತು ಎಂದಳು.

ವಿಶ್ರುತ್‌ನ ಫೋನ್ ಬಂತು. ಐಶ್ವರ್ಯ ತೆಗೆಯಲಿಲ್ಲ. ನೇಪರ್‌ವಿಲ್‌ಗೂ ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಅವನೇ ಇಪ್ಸಿಲಾಂಟಿಯಲ್ಲಿದ್ದ ಟ್ರೇಸಿಯ ಗ್ಯಾರೇಜ್‌ಗೆ ಬಂದ. ಟ್ರೇಸಿ ಆ ತುದಿಯಲ್ಲಿ ಚಕ್ರಗಳನ್ನು ಕಳಚುತ್ತಿದ್ದಳು. ಐಶ್ವರ್ಯ ಎಂಜಿನ್‌ನ ನೀರು ಖಾಲಿ ಮಾಡುತ್ತಿದ್ದಳು. ರೇಸ್ ಎಂಜಿನ್‌ಗೆ ಹಾಕುವುದು ಬರೀ ನೀರು. ಚಳಿಗೆ ಅದು ಹೆಪ್ಪುಗಟ್ಟಿದರೆ ಎಂಜಿನ್ ಸೀಳುತ್ತದೆ. ಅವನು ಬಕೆಟ್ ಹಿಡಿದ. ನೀರು ಸುರಿಯಿತು.

"ಬೆಳಿಗ್ಗೆ ಡೈರೆಕ್ಟರ್ ಹತ್ರ ಎಲ್ಲಾ ಹೇಳ್ದೆ," ಎಂದ. "ನಮ್ಮ ವಿಷಯಾನೂ. ಟವರ್ ಕೆಲಸಾನೂ ಬಿಟ್ಟೆ."

"ಟ್ರೇಸಿಗೆ ಟ್ರೋಫಿ ಕೊಡ್ತಾರಂತೇನು?"

"ಇಲ್ಲ. ರಿಸಲ್ಟ್ ಬದಲಾಗಲ್ಲ."

ಅವಳು ತಲೆಯಾಡಿಸಿದಳು. "ಒಂದ ಮಾತು ಕೇಳತೀನಿ, ಖರೇ ಹೇಳು. ಮುಂದಿದ್ದದ್ದು ನನ್ನ ಕಾರ್ ಅಲ್ಲದ ಬ್ಯಾರೆಯವರದಾಗಿದ್ರ ಆ ಗುಂಡಿ ಒತ್ತತಿದ್ದೇನು?"

ಅವನು ಬಕೆಟ್ ಕೆಳಗಿಟ್ಟ. "ಇಲ್ಲ," ಎಂದ. "ಗ್ಯಾರಿ ಪಿಟ್‌ನಿಂದ ಟವರ್ ಕಡೆನೇ ನೋಡ್ತಾ ಇದ್ದ. ಒತ್ತದೆ ಇದ್ರೆ ನಿನಗೋಸ್ಕರ ಬಿಟ್ಟೆ ಅಂತಾರಲ್ಲ ಅನ್ನಿಸ್ತು. ಕೈ ತಾನಾಗೇ ಹೋಯ್ತು ಐಶೂ."

"ನಿನ್ನ ಹೆಸರು ಉಳಿಸ್ಕೊಳ್ಳಾಕ ನನ್ನ ಬಲಿ ಕೊಟ್ಟಿ."

"ಇನ್ನೊಂದು ಸಲ ಹಿಂಗಾಗಲ್ಲ. ಅಕ್ಕ ಕೇಳ್ತಾ ಇದಾಳೆ. ನಾಳೆನೇ ನಿಮ್ಮ ಅಪ್ಪ ಅಮ್ಮನ ಹತ್ರ ಮಾತಾಡ್ತೀನಿ. ಮದುವೆ ಆಗೋಣ ಕಣೇ."

ಬೇಸಿಗೆಯೆಲ್ಲ ಅವಳು ಕಾದಿದ್ದ ಮಾತು ಅದು. ಕೇಳಿ ಅವಳ ಎದೆ ಈಗಲೂ ಹಾರಿತು. ಅದಕ್ಕೇ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ನೀ ಕೆಟ್ಟವ ಅಲ್ಲ ವಿಶ್ರುತ್. ಟ್ರೇಸಿಗೆ ಆಗಿದ್ದನ್ನ ನಾ ಹೆಂಗರ ನುಂಗತಿದ್ದೆ. ಆದ್ರ ನಾಳೆ ನಿಮ್ಮಕ್ಕನ ಮುಂದ, ನಿಮ್ಮ ಮಂದಿ ಮುಂದ ಒಂದು ಮಾತು ಬರತೈತಿ. ಹೆಂಡ್ತಿ ಪರ ನಿಂತ ಅಂತಾರ ಅಂತ ನಿನಗ ಹೆದರಿಕಿ ಆಗತೈತಿ. ಆವಾಗೂ ಕೈ ತಾನ ಹೋಗತೈತಿ."

"ಹೋಗಲ್ಲ."

"ನಿನ್ನ ಕುರ್ಚಿ ಬಿಡು ಅಂತ ಆವತ್ತ ಕೇಳಿದ್ನಲ್ಲ. ಬಿಡಲಿಲ್ಲ. ಎಲ್ಲಾ ಮುಗದ ಮ್ಯಾಲೆ ಬಿಟ್ಟಿ."

ಅವನ ಕೈಗೆ ಗ್ರೀಸ್ ಮೆತ್ತಿಕೊಂಡಿತ್ತು. ಅವಳು ಬಟ್ಟೆ ತೆಗೆದುಕೊಂಡು ಅವನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು, ಉಗುರಿನ ಸಂದುಗಳನ್ನೂ ಬಿಡದೆ. ಅವನು ಆ ಕೈಯಿಂದ ಅವಳ ಮುಂಗೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ, ಅವನೇ ಬಿಡಲೆಂದು ಕಾದಳು.

ಅವನು ಬಿಟ್ಟ.

"ಗ್ಯಾರಿ ಹತ್ರ ಟ್ರಾಫಿಕ್ ಜಾಸ್ತಿ ಆಗೋದ್ರೊಳಗ..." ಎಂದು ಶುರು ಮಾಡಿ, ಅವನ ದಾರಿಯಲ್ಲಿದ್ದ ಇಂಡಿಯಾನಾದ ಆ ಊರಿಗೂ ಅದೇ ಹೆಸರಲ್ಲವೇ ಎಂದು ನೆನಪಾಗಿ ಅವಳು ಮಾತು ನಿಲ್ಲಿಸಿದಳು. "ಹುಷಾರಾಗಿ ಹೋಗು," ಎಂದಷ್ಟೇ ಹೇಳಿದಳು.

ಅವನ ಕಾರ್ ಬೀದಿಯ ತುದಿಯಲ್ಲಿ ತಿರುಗುವವರೆಗೂ ಅವಳು ಎಂಜಿನ್ ಮೇಲೆ ಬಗ್ಗಿಯೇ ಇದ್ದಳು. ಆ ಕಡೆಯ, ನೀರು ಬಿಡುವ ಬಿರಡೆಯೊಂದನ್ನು ಇನ್ನೂ ತೆಗೆಯುವುದಿತ್ತು. ಸ್ಪ್ಯಾನರ್ ಹಾಕಿ ತಿರುಗಿಸಿದಳು. ಉಳಿದ ನೀರು ಅವಳ ಕೈಗಳ ಮೇಲೆ ಹರಿದು ಬಕೆಟ್ಟಿಗೆ ಬಿತ್ತು. ಅವಳು ಬಿರಡೆಯನ್ನು ಹಿಡಿದುಕೊಂಡೇ ಎಂಜಿನ್‌ಗೆ ಹಣೆ ಒತ್ತಿದಳು.

ಆ ತುದಿಯಿಂದ ಟ್ರೇಸಿ ನೋಡಿದಳು. ಎದ್ದು ಹೋಗಿ ಏರ್ ಕಂಪ್ರೆಸರ್‌ನ ಸ್ವಿಚ್ ಹಾಕಿ, ಗ್ಯಾರೇಜ್ ಬಾಗಿಲು ಕೆಳಗೆಳೆದಳು. ಆ ಗದ್ದಲದೊಳಗೆ ಐಶ್ವರ್ಯ ಗಟ್ಟಿಯಾಗಿ ಅತ್ತಳು.